ಕೆಂಪಂಗಿಯವರ ವಾಷಿಂಗ್ಟನ್

ಗುರುವಾರ ರಾತ್ರಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ನಮ್ಮ ಸ್ಟೇಟ್ ತಂಡ ಡ್ಯೂಕ್ ತಂಡವನ್ನು 74–69ರಲ್ಲಿ ಸೋಲಿಸಿತು. ಟಿವಿ ಆರಿಸಿದ್ದೇ ತಡ, ಮಗಳು ಎದುರಿಗೆ ಬಂದು ನಿಂತಳು. "ಅಪ್ಪ, ನಾಳೆ ವಾಷಿಂಗ್ಟನ್‌ಗೆ ಹೋಗೋಣ್ವಾ?"

ಇಪ್ಪತ್ತು ವರ್ಷಗಳಿಂದ ಈ ಮಾತಿಗೆ ನಾನೇ ಕಾಯುತ್ತಿದ್ದೆ. ದಾವಣಗೆರೆಯ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ಮಂಡಿ ಒಡೆದುಕೊಂಡು ಆಡಿದವನು ನಾನು. ಎಂ.ಎಸ್. ಮಾಡಲು ಅಮೆರಿಕದ ರಾಲಿ ಊರಿನ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ನಮ್ಮ ಬಾಯಲ್ಲಿ ಬರೀ "ಸ್ಟೇಟ್") ಬಂದ ಮೊದಲ ಚಳಿಗಾಲದಲ್ಲೇ ಅಲ್ಲಿನ ತಂಡದ ಕೆಂಪು ಅಂಗಿ ತೊಟ್ಟೆ. ಆಮೇಲೆ ಕೆಲಸ, ಮನೆ, ಸಂಸಾರ ಎಲ್ಲವೂ ಪಕ್ಕದ ಕ್ಯಾರಿಯಲ್ಲೇ ಆಯಿತು. ಆದರೆ ಎಸಿಸಿ, ಅಂದರೆ ನಮ್ಮ ವಿಶ್ವವಿದ್ಯಾಲಯ ಸೇರಿರುವ ಕ್ರೀಡಾ ಒಕ್ಕೂಟವಾದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಟೂರ್ನಿಯನ್ನು ಕಣ್ಣಾರೆ ನೋಡಿರಲಿಲ್ಲ.

ಹೋಗುವುದಕ್ಕೆ ಕಾರಣವೂ ಸಣ್ಣದಾಗಿರಲಿಲ್ಲ. 2024ರ ಮಾರ್ಚ್‌ನಲ್ಲಿ ಕೊನೆಯ ನಾಲ್ಕು ಪಂದ್ಯ ಸತತವಾಗಿ ಸೋತು, 17 ಗೆಲುವು 14 ಸೋಲಿನ ಲೆಕ್ಕದಲ್ಲಿ ಸ್ಟೇಟ್ ಟೂರ್ನಿಗೆ ಬಂದಿತ್ತು. ಹದಿನೈದು ತಂಡಗಳಲ್ಲಿ ಹತ್ತನೇ ಶ್ರೇಯಾಂಕ. ಮೊದಲ ನಾಲ್ಕು ಶ್ರೇಯಾಂಕದವರು ಎರಡು ದಿನ ಕಾಲು ಚಾಚಿ ಕೂತು ಗುರುವಾರ ಕಣಕ್ಕಿಳಿದರೆ ಸಾಕು. ಹತ್ತರಿಂದ ಕೆಳಗಿನವರು ಮಂಗಳವಾರವೇ ಶುರು ಮಾಡಬೇಕು. ಕಪ್ ಬೇಕೆಂದರೆ ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಎಸಿಸಿಯಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಗೆದ್ದಿರಲಿಲ್ಲ. ಗೆಲ್ಲದಿದ್ದರೆ ದೇಶಮಟ್ಟದ ಟೂರ್ನಿಯ ಬಾಗಿಲೂ ಮುಚ್ಚಿದಂತೆಯೇ. ಮಂಗಳವಾರ ಲೂಯಿವಿಲ್, ಬುಧವಾರ ಸಿರಾಕ್ಯೂಸ್, ಗುರುವಾರ ಡ್ಯೂಕ್. ಮೂರಾಗಿತ್ತು, ಇನ್ನೆರಡು ಬಾಕಿ.

ಮಧ್ಯಾಹ್ನ ಹೊರಟೆವು. ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ ಡಬ್ಬಿಯಲ್ಲಿ, ಕೆಂಪು ಟೋಪಿಗಳು ಡ್ಯಾಶ್‌ಬೋರ್ಡಿನ ಮೇಲೆ. ಸುಮಾರು 280 ಮೈಲಿ ದಾರಿ. ಪೀಟರ್ಸ್‌ಬರ್ಗ್‌ನಲ್ಲಿ 85ನೇ ಹೆದ್ದಾರಿ ಬಿಟ್ಟು 95 ಹಿಡಿಯುವವರೆಗೆ ಸರಾಗ, ಫ್ರೆಡರಿಕ್ಸ್‌ಬರ್ಗ್ ಹತ್ತಿರ ಶುಕ್ರವಾರದ ದಟ್ಟಣೆ. ಪಕ್ಕದಲ್ಲಿ ತೆವಳುತ್ತಿದ್ದ ಕಾರಿನೊಳಗಿಂದ ಯಾರೋ ಕೈ ಎತ್ತಿದರು: ತೋರುಬೆರಳು, ಕಿರುಬೆರಳು ಕಿವಿಗಳಂತೆ ನೆಟ್ಟಗೆ, ಉಳಿದ ಬೆರಳು ಸೇರಿಸಿ ಮೂತಿ. ನಮ್ಮ ತಂಡದ ಹೆಸರು "ವುಲ್ಫ್‌ಪ್ಯಾಕ್", ಅಂದರೆ ತೋಳಗಳ ಹಿಂಡು; ಇದು ಅದರ ಗುರುತು! ಮಗಳು ಕಿಟಕಿ ಇಳಿಸಿ ಎರಡೂ ಕೈಯಲ್ಲಿ ತೋಳ ಮಾಡಿ ತೋರಿಸಿದಳು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಾರು ನಿಲ್ಲಿಸಿ ಮೆಟ್ರೊ ಹತ್ತಿದೆವು. ಗ್ಯಾಲರಿ ಪ್ಲೇಸ್ ನಿಲ್ದಾಣದಲ್ಲಿ ಮೇಲೆ ಬಂದರೆ ಎದುರಿಗೇ ಕ್ಯಾಪಿಟಲ್ ಒನ್ ಅರೀನಾ. ಅತ್ತ ಚೈನಾಟೌನಿನ ಬಣ್ಣದ ಕಮಾನು. ಟೂರ್ನಿಗೆ ಬರುವವರೆಲ್ಲ ಬಲ್ಲ ಒಂದು ವಿಷಯವಿದೆ: ಸೋತು ಊರಿಗೆ ಹೊರಟವರ ಟಿಕೆಟ್ ಮಾರಾಟಕ್ಕೆ ಬರುತ್ತದೆ. ನಮಗೆ ಸಿಕ್ಕಿದ್ದು ಡ್ಯೂಕ್ ಕಡೆಯ ಒಬ್ಬರು ಬಿಟ್ಟ ಎರಡು ಸೀಟು. ಫೋನಿಂದ ಫೋನಿಗೆ ಟಿಕೆಟ್ ಕಳಿಸುವಾಗ ಅವರು ಬರೆದಿದ್ದ ಒಂದೇ ಸಾಲು, ನೀವಾದರೂ ಗೆದ್ದುಕೊಂಡು ಬನ್ನಿ ಅಂತ. ವೈರಿ ಪಾಳಯದವರ ಆ ಸೌಜನ್ಯವನ್ನು ನಾನು ಮರೆಯುವುದಿಲ್ಲ.

ನಮ್ಮ ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಇದ್ದರು. 1974ರ ಫೈನಲ್‌ನಲ್ಲಿ ಸ್ಟೇಟ್ ಮೇರಿಲೆಂಡನ್ನು ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಮಣಿಸಿದಾಗ ಅವರು ವಿದ್ಯಾರ್ಥಿ. ಆಗ ಗೆದ್ದ ಒಂದೇ ತಂಡಕ್ಕೆ ದೇಶಮಟ್ಟದ ಪ್ರವೇಶ. ಅಂಥಾ ಮೇರಿಲೆಂಡ್ ಮನೆಗೆ ಹೋಗಬೇಕಾಯಿತು. ಮರುವರ್ಷವೇ ನಿಯಮ ಸಡಿಲವಾಯಿತು. ಟೂರ್ನಿಯ ಶುಕ್ರವಾರ ಶಾಲೆಗಳಲ್ಲಿ ಮೇಷ್ಟ್ರುಗಳೇ ಟಿವಿ ತಳ್ಳಿಕೊಂಡು ತರಗತಿಗೆ ತರುತ್ತಿದ್ದರು ಎಂದು ಅವರು ಹೇಳುವಾಗ ನಮ್ಮೂರಿನಲ್ಲಿ ವಿಶ್ವಕಪ್ ಕ್ರಿಕೆಟ್ ನಡೆಯುತ್ತಿದ್ದ ದಿನಗಳು ಕಣ್ಣಮುಂದೆ ಬಂದವು.

ಎರಡನೇ ಸೆಮಿಫೈನಲ್ ನಮ್ಮದು, ವರ್ಜೀನಿಯಾ ಎದುರು. ಅವರದು ಅವಸರವಿಲ್ಲದ ಆಟ. ಒಂದೊಂದು ಅಂಕಕ್ಕೂ ಬೆವರು ಹರಿಸಬೇಕು. 5.3 ಸೆಕೆಂಡ್ ಉಳಿದಾಗ 58–55, ಮುಂದಿದ್ದವರು ಅವರೇ. ಫೌಲ್ ಆಗಿ ಅವರ ಐಸಾಕ್ ಮೆಕ್‌ನೀಲಿ ಫ್ರೀ ಥ್ರೋ ಗೆರೆಗೆ ಬಂದ. ಪುರುಷರ ಕಾಲೇಜು ಆಟದಲ್ಲಿ ಇಂಥ ಹೊತ್ತಿಗೆ ಮೊದಲನೆಯದು ಬಿದ್ದರೆ ಮಾತ್ರ ಎರಡನೆಯ ಎಸೆತ. ಬಿದ್ದರೆ ನಮ್ಮ ಕಥೆ ಅಲ್ಲಿಗೆ ಮುಗಿಯಿತು. ಮಗಳು ನನ್ನ ಮುಂಗೈ ಹಿಡಿದಿದ್ದಳು, ಉಗುರು ಒತ್ತುತ್ತಿತ್ತು. ಚೆಂಡು ಬೀಳಲಿಲ್ಲ. ನಮ್ಮವರ ಕೈಗೆ ಬಂತು. ಮೈಕಲ್ ಓಕಾನಲ್ ಪುಟಿಸಿಕೊಂಡು ಓಡಿದ, ಮೂರಂಕದ ಗೆರೆಯಾಚೆಯಿಂದ ಎಸೆದ, ಗಡಿಯಾರ ಸೊನ್ನೆಗೆ ಬಂತು. ಚೆಂಡು ಬೋರ್ಡಿಗೆ ಬಡಿದು ರಿಂಗಿನೊಳಗೆ ಬಿತ್ತು.

ಆ ಕ್ಷಣದಲ್ಲಿ ನಾನು ಕೂಗಿದ್ದು ಕನ್ನಡದಲ್ಲಿ ಎಂದು ಮಗಳು ಆಮೇಲೆ ಹೇಳಿದಳು. ಪಕ್ಕದ ಹಿರಿಯರು ಮುಖ ಮುಚ್ಚಿಕೊಂಡು ಕೂತಿದ್ದರು, ಹೆಗಲು ಅಲುಗುತ್ತಿತ್ತು. ಹೆಚ್ಚುವರಿ ಐದು ನಿಮಿಷ ನಮ್ಮದೇ ಆಯಿತು: 73–65.

ಶನಿವಾರ ಹಗಲು ಹೇಗೆ ಕಳೆಯಿತೋ. ವಸ್ತುಸಂಗ್ರಹಾಲಯ ತೋರಿಸಬೇಕೆಂದಿದ್ದೆ, ಇಬ್ಬರಿಗೂ ಮನಸ್ಸು ನಿಲ್ಲಲಿಲ್ಲ.

ಫೈನಲ್‌ಗೆ ಎದುರಾಳಿ ಅಗ್ರ ಶ್ರೇಯಾಂಕದ ನಾರ್ತ್ ಕ್ಯಾರೊಲಿನಾ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯ ಚಾಪೆಲ್ ಹಿಲ್‌ನವರು. ಅರೀನಾ ತುಂಬ ತಿಳಿನೀಲಿ. ನಡುನಡುವೆ ನಮ್ಮ ಕೆಂಪು. ಒಂದು ಕಡೆಯವರು "ವುಲ್ಫ್" ಅಂದರೆ ಇನ್ನೊಂದು ಕಡೆಯವರು "ಪ್ಯಾಕ್" ಅನ್ನುತ್ತಿದ್ದೆವು, ಗಂಟಲು ಕಟ್ಟುವವರೆಗೆ. ಡಿ.ಜೆ. ಬರ್ನ್ಸ್ ಆಟವನ್ನು ಹತ್ತಿರದಿಂದ ನೋಡಬೇಕು. ಆರಡಿ ಒಂಬತ್ತಂಗುಲ, ಭಾರೀ ಮೈ; ಬುಟ್ಟಿಗೆ ಬೆನ್ನು ಕೊಟ್ಟು ಎದುರಾಳಿಯನ್ನು ಇಂಚಿಂಚೇ ಹಿಂದಕ್ಕೆ ಒತ್ತುತ್ತಾನೆ. ಇಬ್ಬರು ಮುತ್ತಿಕೊಂಡರೆ ಖಾಲಿ ಇರುವವನಿಗೆ ಚೆಂಡು ದಾಟಿಸುತ್ತಾನೆ. ಇಬ್ಬರು ಬರದಿದ್ದರೆ ಸರಕ್ಕನೆ ತಿರುಗಿ ಎಡಗೈಯಲ್ಲಿ ಹೂವಿಟ್ಟ ಹಾಗೆ ಇಡುತ್ತಾನೆ. ಮುಖದ ನಗು ಮಾಸುವುದಿಲ್ಲ. ಅವನದು 20 ಅಂಕ, ರಾಲಿಯ ಹುಡುಗ ಡಿ.ಜೆ. ಹಾರ್ನ್‌ನದು 29. 84–76! ಐದನೇ ದಿನದ ಕಾಲುಗಳಲ್ಲಿ ಆ ಶಕ್ತಿ ಎಲ್ಲಿಂದ ಬಂತು ಎಂಬುದು ನನಗೆ ಈಗಲೂ ಅಚ್ಚರಿ.

ಸ್ಟೇಟ್ ಹಿಂದೆ ಈ ಕಪ್ ಗೆದ್ದದ್ದು 1987ರಲ್ಲಿ. ಆಗಲೂ ಎದುರಾಳಿ ಇದೇ ನಾರ್ತ್ ಕ್ಯಾರೊಲಿನಾ, ಆಡಿದ್ದು ಇಲ್ಲೇ ಹತ್ತಿರದ ಲ್ಯಾಂಡೋವರ್‌ನಲ್ಲಿ. ನಾವು ಜಾಗ ಬಿಟ್ಟು ಕದಲಲಿಲ್ಲ. ಏಣಿ ತಂದರು. ನಮ್ಮ ಆಟಗಾರರು ಒಬ್ಬೊಬ್ಬರೇ ಹತ್ತಿ, ಗೆಲುವಿನ ನೆನಪಿಗೆ ಬುಟ್ಟಿಯ ಬಲೆಯ ಒಂದೊಂದು ಎಳೆ ಕತ್ತರಿಸಿದರು. ಕಾಲೇಜು ಆಟಕ್ಕೆ ಈ ಪದ್ಧತಿ ತಂದವರು ನಮ್ಮದೇ ಸ್ಟೇಟ್‌ನ ಕೋಚ್ ಎವರೆಟ್ ಕೇಸ್, 1947ರಲ್ಲಿ. ಕೊನೆಗೆ ಕೋಚ್ ಕೆವಿನ್ ಕೀಟ್ಸ್ ಏಣಿ ಹತ್ತಿದಾಗ ಮಗಳು ವಿಡಿಯೊ ಮಾಡುವುದನ್ನು ಬಿಟ್ಟು ಸುಮ್ಮನೆ ನೋಡುತ್ತಾ ನಿಂತಳು.

ಭಾನುವಾರ ಬೆಳಿಗ್ಗೆ ಟೈಡಲ್ ಬೇಸಿನ್ ದಂಡೆಯಲ್ಲಿ ಚೆರ್ರಿ ಮರಗಳು ತುದಿಮುಟ್ಟ ಅರಳಿದ್ದವು. ಹೂವಿನ ಕೆಳಗೆ ಕೆಂಪು ಟೋಪಿಯ ಗುಂಪುಗಳು, ಗುರುತಿಲ್ಲದವರೂ ನಿಂತು ಮಾತಾಡುತ್ತಿದ್ದರು. ಮಗಳಿಗೆ ದನಿಯೇ ಇರಲಿಲ್ಲ, ಬೆರಳಲ್ಲೇ ತೋಳ ಮಾಡಿ ಉತ್ತರಿಸುತ್ತಿದ್ದಳು.

ದೇಶಮಟ್ಟದ ಟೂರ್ನಿಯ ಪಟ್ಟಿ ಅದೇ ಸಂಜೆ ಪ್ರಕಟವಾಯಿತು. ಹನ್ನೊಂದನೇ ಶ್ರೇಯಾಂಕ, ಎದುರಾಳಿ ಟೆಕ್ಸಸ್ ಟೆಕ್, ಪಂದ್ಯ ಪಿಟ್ಸ್‌ಬರ್ಗ್‌ನಲ್ಲಿ. ಕ್ಯಾರಿಯಿಂದ ಅಲ್ಲಿಗೆ ಎಷ್ಟು ಗಂಟೆ ದಾರಿ ಎಂದು ಮಗಳು ಆಗಲೇ ಫೋನಿನಲ್ಲಿ ಹುಡುಕುತ್ತಿದ್ದಳು.