ಗುರುತು ಕೊರೆದ ಕಂಬಗಳು

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ಪಶ್ಚಿಮ ಸಸೆಕ್ಸಿನ ಸಿಂಗಲ್ಟನ್ ಹಳ್ಳಿಯ ಬಳಿಯಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಬಯಲು ವಸ್ತುಸಂಗ್ರಹಾಲಯಕ್ಕೆ ಹೋದೆವು. ಇದ್ದಲ್ಲಿ ಉಳಿಯಲಾರದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ.

ಬೇಲೀಫ್ ಎಂಬ ಹೆಸರಿನ ರೈತಮನೆಯ ಹೊಸ್ತಿಲು ದಾಟಿದೊಡನೆ ಮೂಗಿಗೆ ಬಡಿದದ್ದು ಸೌದೆಯ ಹೊಗೆ. ನಡುಮನೆಯ ನೆಲದ ಮೇಲೆಯೇ ಬೆಂಕಿ. ಹೊಗೆಗೊಳವೆ ಇಲ್ಲದ್ದರಿಂದ ಹೊಗೆಯು ಅಟ್ಟವಿಲ್ಲದ ಎತ್ತರದ ಮಾಡಿನವರೆಗೆ ಏರಿ ಸಂದುಗೊಂದುಗಳಲ್ಲಿ ಹೊರಬೀಳುತ್ತದೆ. ಕಿಟಕಿಗಳಿಗೆ ಗಾಜಿಲ್ಲ. ಕಂಬಗಳ ನಡುವೆ ಕಡ್ಡಿ ಹೆಣೆದು, ಜೇಡಿಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿದ ಗೋಡೆಯನ್ನು ಮುಟ್ಟಿದಾಗ, ಇದು ನಮ್ಮ ಮಲೆನಾಡಿನ ತಟ್ಟಿಗೋಡೆಯೇ ಅಲ್ಲವೇ ಎನ್ನಿಸಿತು. 15ನೆಯ ಶತಮಾನದ ಆರಂಭದಲ್ಲಿ ಕೆಂಟ್ ಸೀಮೆಯಲ್ಲಿ ಕಟ್ಟಿದ ಈ ಮನೆಯವರು ಉಳ್ಳವರು. ಯಜಮಾನನ ಕುಟುಂಬಕ್ಕೆ ಮಹಡಿಯ ಕೋಣೆಯಿತ್ತು. ಅಲ್ಲೇ ಇರುವ, ಅದಕ್ಕಿಂತ ಈಚಿನ ಪಾಪ್ಲರ್ ಕಾಟೇಜ್ ಊರ ಗೋಮಾಳದ ಅಂಚಿನಲ್ಲಿ ಜಮೀನಿಲ್ಲದವರು ಕಟ್ಟಿಕೊಳ್ಳುತ್ತಿದ್ದ ಬಗೆಯ ಹುಲ್ಲು ಹೊದಿಸಿದ ಗುಡಿಸಲು. ನನಗೆ ಹಿಡಿಸಿದ್ದು ಅದೇ.

ಆದರೆ ನನ್ನನ್ನು ನಿಲ್ಲಿಸಿದ್ದು ಬೇಲೀಫಿನ ಒಂದು ತೊಲೆ. ಕಂಬಕ್ಕೆ ಅದು ಕೂಡುವ ಕಡೆ ಉಳಿಯಿಂದ ನಾಲ್ಕು ಗೀಟು ಕೊರೆದಿತ್ತು. ಕಂಬದ ಮೇಲೂ ಅಷ್ಟೇ ಗೀಟು. ಬಡಗಿಗಳು ಹಸಿ ಓಕ್ ಮರವನ್ನು ಕೆತ್ತಿ, ನೆಲದ ಮೇಲೆ ಒಮ್ಮೆ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ ಒಯ್ದು, ಕಟ್ಟುವ ಜಾಗದಲ್ಲಿ ಮರದ ಬೆಣೆ ಬಡಿದು ನಿಲ್ಲಿಸುತ್ತಿದ್ದರಂತೆ. ಹಾಗೆ ಕಟ್ಟಿದ ಮನೆಯಾದ್ದರಿಂದಲೇ, 1960ರ ದಶಕದ ಕೊನೆಗೆ ಬಾವ್ ಬೀಚ್ ಜಲಾಶಯಕ್ಕಾಗಿ ಅದನ್ನು ತೆರವು ಮಾಡಬೇಕಾದಾಗ ಬಿಚ್ಚಲು ಸಾಧ್ಯವಾಯಿತು.

ಜಲಾಶಯ ಎಂದು ಓದಿದೊಡನೆ ನನಗೆ ಅಜ್ಜ ನೆನಪಾದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಏರುವ ಮೊದಲು, ಶರಾವತಿಯ ದಂಡೆಯ ನಮ್ಮ ಮನೆಯ ಕಂಬಗಳಿಗೆ ಅವರೂ ಇದ್ದಿಲಿನಲ್ಲಿ ಅಂಕಿ ಬರೆದು ಗಾಡಿಗೇರಿಸಿದ್ದರು. ಅಷ್ಟು ದೊಡ್ಡ ಮನೆಯನ್ನು ಮತ್ತೆ ಎತ್ತುವ ಶಕ್ತಿ ಮಾತ್ರ ಅವರಿಗೆ ಕೂಡಿಬರಲಿಲ್ಲ. ಉಳಿದ ಎರಡು ಕಂಬಗಳು ಈಗ ನಮ್ಮ ಕೊಟ್ಟಿಗೆಯ ಮಾಡು ಹೊತ್ತಿವೆ. ದನಗಳು ಮೈ ತಿಕ್ಕಿ ತಿಕ್ಕಿ ಅಂಕಿಗಳು ಅಳಿಸಿಹೋಗಿವೆ.