ಮಡಿಕೇರಿ ಮಳೆಯಲ್ಲಿ ಲಿವರ್‌ಪೂಲಿನ ಹುಡುಗರು

ನಮ್ಮ ಕಾಲದಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡು ಕೇಳಿದವರು ಕಾಲೇಜಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಆ ನಾಲ್ವರು ಎಲ್ಲಿಂದ ಬಂದರು, ಹೇಗೆ ಪಳಗಿದರು ಎಂದು ಕೂರಿಸಿಕೊಂಡು ಹೇಳಿದವರು ಮಾತ್ರ ನಮ್ಮ ಇಂಗ್ಲಿಷ್ ಮೇಷ್ಟ್ರು ಒಬ್ಬರೇ. ಎಂಬತ್ತರ ದಶಕದ ಕೊನೆಯ ಮಾತು. ಮಡಿಕೇರಿಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಬಿಡುತ್ತಿರಲಿಲ್ಲ. ಕೊನೆಯ ಪೀರಿಯಡ್ ಮುಗಿದ ಮೇಲೆ ಊರಿನ ಬಸ್ಸು ಬರುವವರೆಗೆ ಕಾಯಬೇಕು. ಆ ಹೊತ್ತಿಗೆ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದು ಬರುತ್ತಿದ್ದರು. ಕರೆಂಟಿದ್ದರೆ ಹಾಡು, ಇಲ್ಲದಿದ್ದರೆ ಕಥೆ. ಮಳೆಗಾಲದಲ್ಲಿ ಕರೆಂಟು ಇರುತ್ತಿದ್ದುದೇ ಅಪರೂಪವಾದ್ದರಿಂದ ನಮಗೆ ದಕ್ಕಿದ್ದು ಹೆಚ್ಚಾಗಿ ಕಥೆಯೇ.

ಆ ಕಥೆ ಶುರುವಾಗುವುದೂ ಒಂದು ಶಾಲೆಯಿಂದ. ಲಿವರ್‌ಪೂಲಿನ ಕ್ವಾರಿ ಬ್ಯಾಂಕ್ ಹೈಸ್ಕೂಲಿನ ಜಾನ್ ಲೆನನ್ 1956ರಲ್ಲಿ ಜೊತೆಯ ಹುಡುಗರನ್ನು ಸೇರಿಸಿ ತಂಡ ಕಟ್ಟಿದ. ಶಾಲೆಯ ಹೆಸರಿನಿಂದಲೇ ಅದು ಕ್ವಾರಿಮೆನ್ ಆಯಿತು. ಇಂಗ್ಲೆಂಡಿನಲ್ಲಿ ಆಗ ಸ್ಕಿಫಲ್ ಸಂಗೀತದ ಹುಚ್ಚು. ಲಾನಿ ಡಾನೆಗನ್ ಹಾಡಿದ್ದನ್ನು ಕೇಳಿ ಬೀದಿಗೊಂದು ತಂಡ ಹುಟ್ಟಿತ್ತು, ಏಕೆಂದರೆ ಅದಕ್ಕೆ ಹೆಚ್ಚು ದುಡ್ಡು ಬೇಕಿರಲಿಲ್ಲ. ಒಂದು ಅಗ್ಗದ ಗಿಟಾರು, ತಾಳಕ್ಕೆ ಬಟ್ಟೆ ಉಜ್ಜುವ ತಗಡಿನ ಹಲಗೆ, ಬೇಸ್ ದನಿಗೆ ಟೀ ತುಂಬಿ ಬರುವ ಮರದ ಪೆಟ್ಟಿಗೆ ಇದ್ದರೆ ಸಾಕು. 1957ರ ಜುಲೈ 6ರಂದು ವೂಲ್ಟನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಹಬ್ಬದಲ್ಲಿ ಕ್ವಾರಿಮೆನ್ ನುಡಿಸಿದರು. ಅಲ್ಲಿ ಒಬ್ಬ ಗೆಳೆಯ ಪಾಲ್ ಮೆಕಾರ್ಟ್ನಿಯನ್ನು ಕರೆತಂದು ಜಾನ್‌ಗೆ ಪರಿಚಯಿಸಿದ. ಜಾನ್‌ಗೆ ಹದಿನಾರು, ಪಾಲ್‌ಗೆ ಹದಿನೈದು. ಮರುವರ್ಷ ಪಾಲ್ ತನ್ನ ಶಾಲೆಯ ಕಿರಿಯ ಜಾರ್ಜ್ ಹ್ಯಾರಿಸನ್‌ನನ್ನು ಜೊತೆಗೆ ತಂದ.

ಟೀ ಪೆಟ್ಟಿಗೆಯ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಹಾಸ್ಟೆಲಿನಲ್ಲಿ ಕೆಲಸ ಶುರುವಾಯಿತು. ದಕ್ಷಿಣ ಕೊಡಗಿನ ಟೀ ತೋಟದ ಕಡೆಯಿಂದ ಬಂದ ಗೆಳೆಯ ಖಾಲಿ ಪೆಟ್ಟಿಗೆಯೊಂದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ತಂದ. ಅದನ್ನು ಬೋರಲು ಹಾಕಿ, ತಳದ ನಡುವೆ ತೂತು ಕೊರೆದು, ದಪ್ಪ ದಾರ ಹಾಯಿಸಿ ಒಳಗಡೆ ಗಂಟು ಹಾಕಿದೆವು. ದಾರದ ಇನ್ನೊಂದು ತುದಿಯನ್ನು ಒಂದು ಕೋಲಿನ ತಲೆಗೆ ಕಟ್ಟಿ, ಕೋಲನ್ನು ಪೆಟ್ಟಿಗೆಯ ಅಂಚಿಗೆ ಊರಿದೆವು. ಕೋಲನ್ನು ಹಿಂದಕ್ಕೆ ಬಾಗಿಸಿದರೆ ದಾರ ಬಿಗಿದು ದನಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಬೆರಳಿನಿಂದ ಮೀಟಿದಾಗ ಬಂದ ಆ ಗುಂಯ್ ಎನ್ನುವ ದನಿ ನೆಲದ ಹಲಗೆಯಲ್ಲೆಲ್ಲ ಹರಿದು ಅಂಗಾಲಿಗೆ ತಾಗಿತು. ಕೊಂಡು ತಂದ ಯಾವ ವಾದ್ಯವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಗಿಟಾರು ಸುಂಟಿಕೊಪ್ಪದವನದು, ಚರ್ಚಿನಲ್ಲಿ ನುಡಿಸಿ ಕೈ ಕುದುರಿದವನು. ಡ್ರಮ್ಸ್ ತರುವುದು ಎಲ್ಲಿಂದ? ನಾಪೋಕ್ಲಿನ ಗೆಳೆಯ ತನ್ನ ಐನ್‌ಮನೆಯಿಂದ, ಎಂದರೆ ಕುಲದ ಹಿರಿಮನೆಯಿಂದ, ದುಡಿ ತಂದ. ಮಳೆಯ ತೇವಕ್ಕೆ ಅದರ ಚರ್ಮ ಸಡಿಲವಾಗಿ ದನಿಯೇ ಹೊರಡುತ್ತಿರಲಿಲ್ಲ. ಅಭ್ಯಾಸಕ್ಕೆ ಮುಂಚೆ ಹಾಸ್ಟೆಲಿನ ಅಡುಗೆಮನೆಯ ಒಲೆಯ ಮುಂದೆ ಹಿಡಿದು, ನಿಧಾನವಾಗಿ ತಿರುಗಿಸುತ್ತ ಕಾಯಿಸಬೇಕಿತ್ತು. ಮೇಷ್ಟ್ರಿಗೆ ಆ ದುಡಿ ಕಂಡರೆ ಪ್ರಾಣ. ನಾಲ್ವರು ದುಡಿ ಹಿಡಿದು, ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಂಡು, ಮದುವೆಮನೆಯಲ್ಲಿ ರಾತ್ರಿಯೆಲ್ಲ ಹಾಡುವ ಕೊಡವರಿಗೆ ನಾಲ್ಕು ಹುಡುಗರ ತಂಡ ಹೊಸತೇನಲ್ಲ ಎನ್ನುತ್ತಿದ್ದರು. ಅವರು ಹೇಳಿದ್ದು ಸರಿ ಎಂದೇ ನಾನು ಇವತ್ತಿಗೂ ನಂಬಿದ್ದೇನೆ. ಒಬ್ಬ ನಾಯಕ, ಹಿಂದೆ ವಾದ್ಯದವರು ಎನ್ನುವ ಏರ್ಪಾಡು ಬೀಟಲ್ಸ್‌ನಲ್ಲಿ ಇರಲಿಲ್ಲ. ನಾಲ್ವರೂ ಹಾಡುತ್ತಿದ್ದರು. ದುಡಿ ಹಿಡಿದು ಹಾಡುವ ನಮ್ಮ ಬಾಳೊಪಾಟ್ ಕೇಳಿ ಬೆಳೆದವನಿಗೆ ಅದು ತಟ್ಟನೆ ಅರ್ಥವಾಗುತ್ತದೆ.

ಮೇಷ್ಟ್ರು ಮತ್ತೆ ಮತ್ತೆ ಹೇಳುತ್ತಿದ್ದ ಭಾಗ ಹ್ಯಾಂಬರ್ಗಿನದು. 1960ರ ಆಗಸ್ಟಿನಲ್ಲಿ, ಕ್ವಾರಿಮೆನ್ ಹೋಗಿ ಬೀಟಲ್ಸ್ ಆಗಿದ್ದ ತಂಡ ಜರ್ಮನಿಯ ಆ ಬಂದರು ಊರಿಗೆ ಹೋಯಿತು. ವಾರದ ದಿನಗಳಲ್ಲಿ ರಾತ್ರಿಗೆ ನಾಲ್ಕೂವರೆ ಗಂಟೆ, ಶನಿವಾರ ಆರು ಗಂಟೆ ನುಡಿಸುವ ಕರಾರು. ಮಲಗಲು ಕೊಟ್ಟದ್ದು ಒಂದು ಸಿನಿಮಾ ಟಾಕೀಸಿನ ಪರದೆಯ ಹಿಂದಿನ ಕಿಟಕಿಯಿಲ್ಲದ ಕೋಣೆ, ಪಕ್ಕದಲ್ಲೇ ಶೌಚಾಲಯ. ಹದಿನೆಂಟು ತುಂಬದ ಜಾರ್ಜ್‌ನನ್ನು ನವೆಂಬರಿನಲ್ಲಿ ಅಲ್ಲಿನವರು ವಾಪಸು ಕಳಿಸಿಯೂಬಿಟ್ಟರು. ಕುಡಿದು ಗಲಾಟೆ ಮಾಡುವ ಜನರ ಮುಂದೆ ಗಂಟೆಗಟ್ಟಲೆ ನಿಲ್ಲಬೇಕೆಂದರೆ ಹತ್ತಾರು ಹಾಡು ಸಾಲದು. ಗೊತ್ತಿದ್ದದ್ದನ್ನೆಲ್ಲ ನುಡಿಸಿ, ಗೊತ್ತಿಲ್ಲದ್ದನ್ನು ಕಲಿತು, ಒಬ್ಬ ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬ ಹಾಡನ್ನು ಹಿಡಿದು ನಿಲ್ಲಿಸಬೇಕು. ಡಿಸೆಂಬರ್ 27ರಂದು ಲಿವರ್‌ಪೂಲಿನ ಪಕ್ಕದ ಲಿದರ್‌ಲ್ಯಾಂಡ್ ಟೌನ್ ಹಾಲಿನಲ್ಲಿ ನುಡಿಸಿದಾಗ ಊರಿನವರಿಗೇ ಗುರುತು ಸಿಗದಷ್ಟು ಬದಲಾಗಿದ್ದರು.

ಮುಂದಿನದು ಎಲ್ಲರಿಗೂ ಗೊತ್ತಿರುವುದು, ಬೇಗ ಹೇಳಿಬಿಡುತ್ತೇನೆ. ಮ್ಯಾಥ್ಯೂ ಸ್ಟ್ರೀಟಿನ ಕ್ಯಾವರ್ನ್ ಎಂಬ ನೆಲಮಾಳಿಗೆಯಲ್ಲಿ 1961ರಿಂದ ಮಧ್ಯಾಹ್ನ ಊಟದ ಬಿಡುವಿನಲ್ಲೂ ನುಡಿಸಿದರು. ಅಲ್ಲಿ ಅವರನ್ನು ಕಂಡ ರೆಕಾರ್ಡ್ ಅಂಗಡಿಯ ಬ್ರಯನ್ ಎಪ್‌ಸ್ಟೀನ್ ಮ್ಯಾನೇಜರ್ ಆದ. 1962ರ ಹೊಸವರ್ಷದ ದಿನ ಡೆಕ್ಕಾ ಕಂಪನಿಯವರು ಹಾಡಿಸಿ ನೋಡಿ, ಬೇಡವೆಂದರು. ಇಎಂಐ ಕಂಪನಿಯಲ್ಲಿ ರೆಕಾರ್ಡು ಮಾಡಿಸುತ್ತಿದ್ದ ಜಾರ್ಜ್ ಮಾರ್ಟಿನ್ ಕೈಹಿಡಿದರು. ಆಗಸ್ಟಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಪೀಟ್ ಬೆಸ್ಟ್ ಜಾಗಕ್ಕೆ ರಿಂಗೋ ಸ್ಟಾರ್ ಬಂದ. ಅಕ್ಟೋಬರಿನ ಮೊದಲ ರೆಕಾರ್ಡು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 17ನೇ ಸ್ಥಾನದವರೆಗೆ ಏರಿತು.

ಒಂದು ದಿನದ ಕಥೆಯನ್ನು ಮಾತ್ರ ಅವಸರದಲ್ಲಿ ದಾಟಲಾರೆ. 1963ರ ಫೆಬ್ರವರಿ 11. ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 10 ಹಾಡುಗಳನ್ನು ಬೆಳಿಗ್ಗೆಯಿಂದ ರಾತ್ರಿಯೊಳಗೆ, ಆ ಒಂದೇ ದಿನ ಹಾಡಿ ಮುಗಿಸಿದರು. ಜಾನ್‌ಗೆ ಶೀತವಾಗಿ ಗಂಟಲು ಕಟ್ಟಿತ್ತು. ಗಂಟಲು ಹರಿಯುವ ಹಾಡನ್ನು ಕೊನೆಗೆ ಉಳಿಸಿಕೊಂಡು, ಒಂದೇ ಉಸಿರಿಗೆ ಹಾಡಿದ್ದೇ ರೆಕಾರ್ಡಿಗೆ ಬಂತು. ಆ ಆಲ್ಬಮ್ ಬ್ರಿಟನ್ನಿನಲ್ಲಿ 30 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಅದೃಷ್ಟ ಎನ್ನುವವರು ಎನ್ನಲಿ. ಹ್ಯಾಂಬರ್ಗಿನ ರಾತ್ರಿಗಳಿಲ್ಲದೆ ಅಂಥ ದಿನ ಯಾರಿಗೂ ಬರುವುದಿಲ್ಲ. ಮರುವರ್ಷ ಫೆಬ್ರವರಿ 9ರಂದು ಅಮೆರಿಕದ ಟಿವಿಯಲ್ಲಿ ಅವರನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು.

ನಮಗೆ ನುಡಿಸಲು ಜಾಗ ಕೊಟ್ಟವರು ಕಾಲೇಜಿನ ಅಟೆಂಡರ್. ಸಂಜೆ ಐದಕ್ಕೆ ಸಭಾಂಗಣಕ್ಕೆ ಬೀಗ ಬೀಳಬೇಕು. "ಅಣ್ಣ, ಇನ್ನೊಂದು ಅರ್ಧ ಗಂಟೆ" ಎಂದು ಕೇಳಿದರೆ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು, ಹೊರಗಡೆ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದರು. ನಾವು ಮುಗಿಸುವ ಹೊತ್ತಿಗೆ ಏಳು ದಾಟಿರುತ್ತಿತ್ತು. ಅವರ ಮನೆಗೆ ಹೋಗುವ ದಾರಿ ದೂರ, ಮಂಜು ಬೇರೆ. ಒಂದು ದಿನವೂ ಗೊಣಗಲಿಲ್ಲ. ಆ ವರ್ಷದ ವಾರ್ಷಿಕೋತ್ಸವದಲ್ಲಿ ದುಡಿ, ಗಿಟಾರು, ಟೀ ಪೆಟ್ಟಿಗೆ ಹಿಡಿದು ನಾವು ನಾಲ್ವರು ಹಾಡಿದೆವು. ಮೊದಲ ಸಾಲಿನಲ್ಲಿ ಮೇಷ್ಟ್ರು, ಬಾಗಿಲ ಬಳಿ ಅಟೆಂಡರ್ ಅಣ್ಣ. ಪರೀಕ್ಷೆ ಮುಗಿದ ಮೇಲೆ ಒಬ್ಬ ಸೈನ್ಯಕ್ಕೆ ಹೋದ, ಇಬ್ಬರು ತೋಟಕ್ಕೆ, ನಾನು ಬ್ಯಾಂಕಿಗೆ. ಈಗಲೂ ಹುತ್ತರಿಗೆ ಸೇರುತ್ತೇವೆ, ಹಾಡುತ್ತೇವೆ.

ಈಚೆಗೆ ತಿಳಿದದ್ದೊಂದನ್ನು ಮೇಷ್ಟ್ರಿಗೆ ಹೇಳಲು ಅವರಿಲ್ಲ. 1963ರ ಏಪ್ರಿಲ್ 4ರಂದು ಇಂಗ್ಲೆಂಡಿನ ಸ್ಟೋ ಎಂಬ ವಸತಿಶಾಲೆಯ ರಂಗಮಂದಿರದಲ್ಲಿ ಬೀಟಲ್ಸ್ ನುಡಿಸಿದ್ದರು. ಕರೆಸಿದವನು ಅಲ್ಲಿನ ಒಬ್ಬ ವಿದ್ಯಾರ್ಥಿ. ಹದಿನೈದು ವರ್ಷದ ಇನ್ನೊಬ್ಬ ಹುಡುಗ ಇಡೀ ಕಾರ್ಯಕ್ರಮವನ್ನು ಟೇಪಿನಲ್ಲಿ ಹಿಡಿದಿಟ್ಟ. 60 ವರ್ಷ ಕಳೆದು, 2023ರಲ್ಲಿ ಆ ಟೇಪಿನ ಸುದ್ದಿ ಹೊರಬಂತು. ಪಾಲ್ ಮತ್ತು ಜಾರ್ಜ್ ಓದಿದ ಶಾಲೆ 1985ರಲ್ಲಿ ಮುಚ್ಚಿತ್ತು. ಆ ಕಟ್ಟಡ ಪಾಳುಬೀಳಲು ಬಿಡದೆ ಪಾಲ್ ಮುಂದೆ ನಿಂತು, 1996ರಲ್ಲಿ ಅಲ್ಲಿ ಸಂಗೀತ, ನಾಟಕ, ನೃತ್ಯ ಕಲಿಸುವ ಸಂಸ್ಥೆ ತೆರೆಯಿಸಿದ.

ಹಳೆಯ ವಿದ್ಯಾರ್ಥಿ ಸಂಘದಿಂದ ಕಾಲೇಜಿಗೆ ಏನು ಕೊಡಬಹುದು ಎಂದು ಸಂಪಾದಕರು ಕೇಳಿದ್ದಾರೆ. ಒಂದು ಒಳ್ಳೆಯ ಗಿಟಾರು, ಒಂದು ಜೊತೆ ದುಡಿ ನಾವು ನಾಲ್ವರು ಸೇರಿ ಕೊಡುತ್ತೇವೆ. ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ: ಸಂಜೆ ಐದರ ಮೇಲೆ ಸಭಾಂಗಣದ ಬೀಗದ ಕೈ ಕೇಳಿಕೊಂಡು ಬರುವ ಮಕ್ಕಳಿಗೆ ಇಲ್ಲ ಎನ್ನಬೇಡಿ. ಕಾದು ಕೂರುವ ಸಿಬ್ಬಂದಿಗೆ ಆ ಹೊತ್ತಿನ ಸಂಬಳ, ಮನೆಗೆ ಹೋಗಲು ಆಟೋ ಖರ್ಚು ಸಂಘವೇ ಕೊಡಲಿ. ನನ್ನ ಪಾಲಿನ ಹಣವನ್ನು ಈ ಬರಹದ ಜೊತೆಗೇ ಕಳಿಸಿದ್ದೇನೆ.