ಆಸರಿಗೆ ಏನು ಕೊಡಲಿ?

ರೈಲು ತಾಳಗುಪ್ಪ ಮುಟ್ಟುವ ಹೊತ್ತಿಗೆ ಜಡಿಮಳೆ ಹಿಡಿದಿತ್ತು. ಹಳಿ ಇಲ್ಲಿಗೇ ಮುಗಿಯುತ್ತದೆ, ಎಲ್ಲರೂ ಇಳಿಯಲೇಬೇಕು. ಬೆನ್ನಿಗೆ ಚೀಲ ಏರಿಸಿದ ಬೆಂಗಳೂರಿನ ಹುಡುಗ ಹುಡುಗಿಯರು, ಸಿಗಂದೂರಿಗೆ ಹರಕೆ ತೀರಿಸಲು ಹೊರಟ ಕುಟುಂಬಗಳು, ಶ್ರಾವಣದ ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ನನ್ನ ತಂಗಿಯ ಮಗಳು ಪ್ಲಾಟ್‌ಫಾರ್ಮಿನ ಸೂರಿನಡಿ ನಿಂತು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದಳು.

ಅವಳು ಈ ವರ್ಷವಷ್ಟೇ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಸೇರಿದ್ದಾಳೆ. ಮೊದಲ ಪಾಠದ ಪ್ರಶ್ನೆ: ಜನ ಏಕೆ ಪ್ರಯಾಣ ಮಾಡುತ್ತಾರೆ? ವಿಶ್ರಾಂತಿ, ತೀರ್ಥಯಾತ್ರೆ, ವ್ಯಾಪಾರ, ಚಿಕಿತ್ಸೆ, ನೆಂಟರ ಭೇಟಿ ಎಂದು ಐದು ಕಾಲಂ ಮಾಡಿಕೊಂಡಿದ್ದಳು. ಗ್ರಹಾಂ ಡಾನ್ ಎಂಬ ವಿದ್ವಾಂಸರು 1977ರಲ್ಲಿ ಇದನ್ನು ದೂಡುವ ಕಾರಣ, ಸೆಳೆಯುವ ಕಾರಣ ಎಂದು ಎರಡಾಗಿ ವಿವರಿಸಿದ್ದಾರೆ ಎಂದು ರೈಲಿನಲ್ಲೇ ಹೇಳಿದ್ದಳು. ಜೋಗ ನಮ್ಮನ್ನು ಸೆಳೆಯುತ್ತದೆ, ಸರಿ. ಆದರೆ ಜೋಗ ಯಾವಾಗಲೂ ಅಲ್ಲಿಯೇ ಇದೆ. ಇದೇ ವಾರ ಹೊರಟುಬಿಡಬೇಕು ಎನ್ನಿಸುವಂತೆ ದೂಡುವುದು ನಮ್ಮ ಮನೆ, ನಮ್ಮ ಕಚೇರಿ, ನಮ್ಮ ದಣಿವು. ಈ ಮಾತು ನನಗೆ ತುಂಬಾ ಹಿಡಿಸಿತು.

ನಾವು ಉಳಿದುಕೊಂಡದ್ದು ಸಾಗರ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಮನೆಯಲ್ಲಿ. ಉದ್ದನೆಯ ಜಗುಲಿ, ಅದರಾಚೆ ಸಾಲು ಕೋಣೆಗಳು, ಹಿಂದೆ ಬಚ್ಚಲಿನ ಒಲೆಯ ಹೊಗೆ. ಮೆಟ್ಟಿಲು ಹತ್ತುವ ಮೊದಲೇ ಮನೆಯಾಕೆ ಕೈಕಾಲು ತೊಳೆಯಲು ಬಿಸಿನೀರು ತಂದಿಟ್ಟರು. ನಾವು ಜಗುಲಿಯಲ್ಲಿ ಕೂರುತ್ತಿದ್ದಂತೆ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ಬಂದವು. "ಆಸರಿಗೆ ಏನು ಕೊಡಲಿ ಅಕ್ಕ? ಮಜ್ಜಿಗೆಯೋ, ಕಷಾಯವೋ?" ಆಧಾರ್ ಕಾರ್ಡ್ ತೋರಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಿದ್ದು ಕಷಾಯ ಕುಡಿದು ಮುಗಿದ ಮೇಲೆ.

ಈ ಅನುಕ್ರಮವನ್ನು ನಾನು ಅವಳಿಗೆ ಬರೆದುಕೊಳ್ಳಲು ಹೇಳಿದೆ. ತಿಥಿ ಗೊತ್ತುಮಾಡದೆ ಬರುವವನು ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ನಾವು ಮೂರು ವಾರ ಮೊದಲೇ ದಿನ ಗೊತ್ತುಮಾಡಿ, ಮುಂಗಡ ಕಟ್ಟಿ ಬಂದವರು. ಆ ಲೆಕ್ಕದಲ್ಲಿ ಅತಿಥಿಗಳೇ ಅಲ್ಲ. ಆದರೂ ಬೆಲ್ಲ ಮೊದಲು ಬಂತು, ಬಿಲ್ಲು ಕೊನೆಗೆ ಬಂತು. ಆತಿಥ್ಯವನ್ನು ಉದ್ಯಮ ಮಾಡಿಕೊಂಡರೆ ಮನಸ್ಸು ಬರಡಾಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ಜಗುಲಿಯಲ್ಲಿ ಕೂತ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ರಾತ್ರಿ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳದ ಊಟವಾದ ಮೇಲೆ ಯಜಮಾನರು ಕವಳ ಹಾಕುತ್ತಾ ಮಾತಿಗೆ ಕೂತರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ತೋಟಕ್ಕೆ ಕೊಳೆರೋಗ ಮೊದಲಿನಿಂದಲೂ ಇತ್ತು, ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಹಬ್ಬಕ್ಕೆ ಮಾತ್ರ ತೆರೆಯುತ್ತಿದ್ದ ಮೂರು ಕೋಣೆಗಳನ್ನು ಸುಣ್ಣ ಬಳಿದು ಪ್ರವಾಸಿಗರಿಗೆ ಬಿಟ್ಟಿದ್ದಾರೆ. "ಅಡಿಕೆಯನ್ನು ಧಾರಣೆ ಏರುವ ತನಕ ಚೀಲ ಕಟ್ಟಿ ಇಡಬಹುದು. ಇವತ್ತು ಖಾಲಿ ಉಳಿದ ಕೋಣೆಯನ್ನು ನಾಳೆಗೆ ಕಟ್ಟಿಡಲು ಬರುವುದಿಲ್ಲ, ನೋಡಿ" ಎಂದರು. ಅವಳ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟದ ವಿವರಣೆಯಿದೆ. ಮಾರಾಟವಾಗದ ಕೋಣೆ, ಖಾಲಿ ಹೊರಟ ಬಸ್ಸಿನ ಸೀಟು ಆ ದಿನಕ್ಕೇ ಸತ್ತುಹೋಗುವ ಸರಕು. ಅದಕ್ಕೇ ಶನಿವಾರ ಒಂದು ದರ, ಮಂಗಳವಾರ ಇನ್ನೊಂದು.

ಬೆಳಿಗ್ಗೆ ನೀರುದೋಸೆ ಹುಯ್ದು ಕೊಟ್ಟವಳು ಪಕ್ಕದ ಊರಿನ ಹುಡುಗಿ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿ ತಿಂಗಳ ಸಂಬಳ ಕಂಡಿದ್ದಾಳೆ. ಹಾಸಿಗೆಯ ಬಟ್ಟೆ ಒಗೆಯುವವರು, ಜೀಪಿನ ಚಾಲಕ, ಜೇನು ತಂದುಕೊಡುವವನು, ಹೀಗೆ ಮೂರು ಕೋಣೆಗಳ ಹಿಂದೆ ಏಳೆಂಟು ಮನೆಗಳ ಒಲೆ ಉರಿಯುತ್ತದೆ. ಪ್ರವಾಸೋದ್ಯಮ ಎಂಬ ದೊಡ್ಡ ಪದದ ಒಳಗಿರುವುದು ಇವರೇ.

ಜೋಗ ತಲುಪಿದಾಗ ಮಂಜು ಕವಿದಿತ್ತು. ಭೋರ್ಗರೆತ ಕೇಳುತ್ತದೆ, ಏನೂ ಕಾಣುವುದಿಲ್ಲ. ಒಂದು ಗಂಟೆ ಕೊಡೆ ಹಿಡಿದು ನಿಂತೆವು. ಇದ್ದಕ್ಕಿದ್ದಂತೆ ಗಾಳಿ ತಿರುಗಿತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲುಗಳು 253 ಮೀಟರ್ ಆಳಕ್ಕೆ ಧುಮುಕುತ್ತಿರುವುದು ಪೂರ್ತಿ ತೆರೆದುಕೊಂಡಿತು. ನೂರಾರು ಜನರ ಬಾಯಿಂದ ಒಂದೇ ಉದ್ಗಾರ ಹೊರಟಿತು. ಎರಡೇ ನಿಮಿಷ, ಮತ್ತೆ ಮಂಜು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ಕೈ ಹಿಡಿದುಕೊಂಡಿದ್ದಳು, ಅದು ಇಬ್ಬರಿಗೂ ಆಮೇಲೆ ಗೊತ್ತಾಯಿತು.

ಆದರೆ ಮಧ್ಯಾಹ್ನ ಮೂರಕ್ಕೆಲ್ಲ ಕಾರುಗಳು ಹಿಂದಿರುಗತೊಡಗಿದವು. ಕನಿಷ್ಠ ಒಂದು ರಾತ್ರಿ ತಂಗಿದರೆ ಮಾತ್ರ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಪ್ರವಾಸಿಗ, ಅದೇ ದಿನ ಮರಳಿದರೆ ದಿನದ ಭೇಟಿಗಾರ. ಈ ಭೇದ ಬರೀ ಅಂಕಿಅಂಶದ್ದಲ್ಲ. ಹಗಲು ಬಂದು ಹೋದವರು ಇಲ್ಲಿ ಬಿಟ್ಟದ್ದು ಒಂದು ಕಪ್ ಚಹಾದ ದುಡ್ಡು, ಬೇಲಿಯ ಬುಡದಲ್ಲಿ ಪ್ಲಾಸ್ಟಿಕ್ ಬಾಟಲಿಗಳ ರಾಶಿ. ಮಲೆನಾಡಿಗೆ ಇನ್ನಷ್ಟು ಜನ ಬರುವುದು ಬೇಡ, ಬಂದವರು ಇನ್ನೊಂದು ರಾತ್ರಿ ಉಳಿಯಲಿ ಎಂದೇ ನಾನು ಬಯಸುತ್ತೇನೆ.

ಮರುದಿನ ಅಂಬಾರಗೋಡ್ಲಿಗೆ ಹೋದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಊರುಗಳನ್ನೇ ನುಂಗಿ ಹರಡಿಕೊಂಡ ಜಾಗ. ಆಚೆ ದಡ ಸೇರಲು ಲಾಂಚಿಗೆ ಕಾಯುವ ಕಾಲ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಮುಗಿಯಿತು. ಕಾರುಗಳು ನಿಲ್ಲದೆ ಸಿಗಂದೂರಿನತ್ತ ಓಡುತ್ತವೆ. ಆಚೆ ದಡದವರಿಗೆ ರಾತ್ರಿ ಆಸ್ಪತ್ರೆಗೆ ಹೊರಡಬೇಕಾದಾಗ ಇದೆಂಥ ಬಲ! ದಡದಲ್ಲಿ ಚುರುಮುರಿ ಮಾರುತ್ತಿದ್ದ ಅಜ್ಜಿಗೆ ಮಾತ್ರ ಗಿರಾಕಿ ಕಡಿಮೆಯಾಗಿದ್ದಾರೆ. ಅವಳ ವ್ಯಾಪಾರ ನಿಂತಿದ್ದದ್ದು ಜನರ ಕಾಯುವಿಕೆಯ ಮೇಲೆ.

ಹಳೆಯ ಲಾಂಚಿನ ದಡದಲ್ಲಿ ಎಪ್ಪತ್ತು ದಾಟಿದ ಒಬ್ಬರು ಕೊಡೆ ಊರಿ ನೀರು ನೋಡುತ್ತಾ ನಿಂತಿದ್ದರು. ಮೊಮ್ಮಗ ಶಿವಮೊಗ್ಗದ ಕಡೆಯಿಂದ ಕಾರಿನಲ್ಲಿ ಕರೆತಂದಿದ್ದ. ನನ್ನ ಹುಡುಗಿ ತನ್ನ ಪ್ರಶ್ನೆ ಕೇಳಿಯೇಬಿಟ್ಟಳು.

"ನಮ್ಮ ಮನೆ ನೋಡಲು ಬಂದೆ, ಮಗು" ಎಂದರು. ಕೊಡೆಯ ತುದಿಯಿಂದ ನೀರಿನ ಮೇಲೆ ತೋರಿಸಿದರು. "ಅಲ್ಲಿ ಕಣ. ಅದರಾಚೆ ಮಾವಿನಮರ. ಮರದ ಎಡಕ್ಕೆ ಮನೆ." ಮುಳುಗಡೆಯಾದಾಗ ಅವರಿಗೆ ಹತ್ತು ವರ್ಷ.

ಅವಳು ನೋಟ್‌ಬುಕ್ ತೆರೆದಳು. ಐದೂ ಕಾಲಂಗಳ ಮೇಲೆ ಪೆನ್ನು ಆಡಿತು. ಆಮೇಲೆ ಅದನ್ನು ಮುಚ್ಚಿ ಚೀಲದೊಳಗಿಟ್ಟಳು.

"ಎಷ್ಟು ದೂರದಿಂದ ಬಂದಿದ್ದೀರಿ! ಆಸರಿಗೆ ಏನಾದರೂ ಕುಡಿದಿರಾ?" ಎಂದು ಅವರು ನನ್ನ ಕಡೆ ತಿರುಗಿದರು. ಉತ್ತರಕ್ಕೆ ಕಾಯದೆ ಮೊಮ್ಮಗನನ್ನು ಕರೆದು ಕಾರಿನಿಂದ ಫ್ಲಾಸ್ಕ್ ತರಿಸಿದರು. ಇದ್ದದ್ದು ಎರಡೇ ಲೋಟ. ನಮಗೆ ಮೊದಲು ಬಗ್ಗಿಸಿಕೊಟ್ಟು, ನಾವು ಕುಡಿದು ಮುಗಿಸುವ ತನಕ ಅವರು ನೀರಿಗೆ ಬೆನ್ನು ಮಾಡಿ, ಬಾಗಿಲಲ್ಲಿ ನಿಂತ ಯಜಮಾನನ ಹಾಗೆ, ನಮ್ಮನ್ನೇ ನೋಡುತ್ತಾ ನಿಂತಿದ್ದರು.